ಶಶಿಯ ಚರ್ಮ ಪುಣೆಗೆ ಹೋದ ವರ್ಷ

ಹೋದ ತಿಂಗಳು ಕಾರವಾರದ ಪೇಟೆಯಲ್ಲಿ ಕಲ್ಲು ಎಡವಿ ಮೊಣಕಾಲು ತರಚಿಕೊಂಡೆ. ಹತ್ತಿರದ ದವಾಖಾನೆಯಲ್ಲಿ ನರ್ಸ್ ಹುಡುಗಿ ಹತ್ತಿಯನ್ನು ಕಂದು ಬಣ್ಣದ ಅಯೋಡಿನ್ ಔಷಧದಲ್ಲಿ ಅದ್ದಿ ಗಾಯಕ್ಕೆ ಒತ್ತಿದಳು. ಉರಿಯೇನೂ ಆಗಲಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ. "ಕೂತ್ಕೊಳ್ಳಿ ಅಮ್ಮಾ, ಇನ್ನೂ ಮುಗೀಲಿಲ್ಲ" ಎಂದು ಹುಡುಗಿ ಗದರಿದಳು. ಕೂತೆ. ಕೂತಲ್ಲೇ ಎರಡು ಸಾವಿರದ ಎಂಟನೇ ಇಸವಿಯ ಮಳೆಗಾಲಕ್ಕೆ ಹೋಗಿಬಿಟ್ಟೆ. ಆ ವರ್ಷ ಪ್ರತಿ ಭಾನುವಾರ ನನ್ನ ಕೈ, ಸೆರಗು, ಕೈಚೀಲ ಎಲ್ಲಕ್ಕೂ ಇದೇ ವಾಸನೆ ಹತ್ತುತ್ತಿತ್ತು. ಸೋಮವಾರ ಕ್ಲಾಸಿನಲ್ಲಿ ಚಾಕ್‌ಪೀಸು ಹಿಡಿದಾಗಲೂ ಅದು ಬೆರಳಲ್ಲಿರುತ್ತಿತ್ತು.

ಆಗ ನಾನು ಕಾರವಾರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ನನಗೆ ನಲವತ್ನಾಲ್ಕು. ತಂಗಿ ಶಶಿಕಲಾ ನನಗಿಂತ ಐದು ವರ್ಷಕ್ಕೆ ಚಿಕ್ಕವಳು, ಅಂಕೋಲೆಯ ಬೊಬ್ರುವಾಡದಲ್ಲಿ ಗಂಡ ಗಣಪತಿಯ ಜೊತೆ ಇದ್ದಳು. ಗಣಪತಿ ಸರಕಾರಿ ಬಸ್ಸಿನ ಕಂಡಕ್ಟರ್. ಶಶಿಗೆ ಮೂವತ್ತೊಂಬತ್ತು ಎಂದರೆ ಯಾರೂ ನಂಬುತ್ತಿರಲಿಲ್ಲ. ಹದಿಮೂರಕ್ಕೆ ಅವಳ ಎತ್ತರ ನಿಂತಿತು. ಇಪ್ಪತ್ತೆರಡಕ್ಕೆ ಕೂದಲು ನೆರೆಯಿತು. ಮೂವತ್ತೊಂದಕ್ಕೆ ಎರಡೂ ಕಣ್ಣಿನ ಪೊರೆ ತೆಗೆಸಿದೆವು, ಆಮೇಲೆ ಸಕ್ಕರೆ ಕಾಯಿಲೆ ಬಂತು. ಮುಖದ ಚರ್ಮ ಎಲುಬಿಗೆ ಅಂಟಿ ಮೂಗು ಚೂಪಾಗಿ, ಧ್ವನಿ ಕೀರಲಾಗಿ, ಎಪ್ಪತ್ತರ ಮುದುಕಿಯಂತೆ ಕಾಣುತ್ತಿದ್ದಳು. ತಲೆ ಮಾತ್ರ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ಒಮ್ಮೆ ಕಾರವಾರದಿಂದ ಹೊರಟ ಬಸ್ಸಿನಲ್ಲಿ ಹೊಸ ಕಂಡಕ್ಟರನೊಬ್ಬ ಅವಳನ್ನು ನೋಡಿ ನನ್ನ ಹತ್ತಿರ, "ಅಮ್ಮಂದು ಹಿರಿಯ ನಾಗರಿಕರ ಕಾರ್ಡ್ ಅದ್ಯಾ ಬಾಯೋರೇ?" ಎಂದು ಕೇಳಿದ. ನಾನು ಕಕ್ಕಾಬಿಕ್ಕಿಯಾದೆ. ಶಶಿ ಮಾತ್ರ, "ಕಾರ್ಡ್ ಮನೆಲ್ಲೇ ಬಿಟ್ಟು ಬಂದೆ ತಮ್ಮಾ. ಈ ನನ್ನ ಮಗಳಿಗಾದ್ರೂ ಅರ್ಧ ಟಿಕೇಟ್ ಕೊಡು" ಎಂದಳು. ಬಸ್ಸೆಲ್ಲ ನಕ್ಕಿತು. ಬಿಣಗಾ ದಾಟುವವರೆಗೆ ಅವಳೂ ನಗುತ್ತಿದ್ದಳು. ಅಮದಳ್ಳಿಯ ಹತ್ತಿರ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗಣಪತಿಯ ಜೊತೆಯವರೂ ಮೊದಮೊದಲು, "ಬಸ್‌ಸ್ಟ್ಯಾಂಡಿಗೆ ಬುತ್ತಿ ತಂದದ್ದು ನಿನ್ನ ಆಯಿಯಾ?" ಎಂದು ಕೇಳಿದ್ದರಂತೆ. "ಅಲ್ಲ, ಹೆಂಡ್ತಿ" ಎಂದು ಹೇಳಿ ಅವನು ಅಲ್ಲೇ ಕೂತು ಊಟ ಮಾಡಿದ್ದ. ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಆ ದಿನ.

ಕಾಯಿಲೆಗೆ ಹೆಸರು ಸಿಕ್ಕಿದ್ದು ದಕ್ಷಿಣದ ಒಂದು ದೊಡ್ಡ ಆಸ್ಪತ್ರೆಯಲ್ಲಿ. ಬೇಗ ಮುಪ್ಪು ಬರುವ, ಅಪರೂಪದಲ್ಲಿ ಅಪರೂಪದ ರೋಗ. ನಮ್ಮ ಅಪ್ಪ ಆಯಿಗೆ ಸ್ವಂತ ಸೋದರಮಾವನ ಮಗ. ಒಂದೇ ದೋಷ ಎರಡೂ ಕಡೆಯಿಂದ ಬಂದು ಶಶಿಯಲ್ಲಿ ಸೇರಿತ್ತು. ವರ್ಷವರ್ಷ ನಾನು ಆನುವಂಶಿಕತೆಯ ಪಾಠಕ್ಕೆ ಹಲಗೆಯ ಮೇಲೆ ನಾಲ್ಕು ಮನೆಯ ಚೌಕ ಬರೆದು, ಎರಡು ಸಣ್ಣಕ್ಷರ ಜೊತೆಯಾದ ಮೂಲೆಮನೆಗೆ ಸುತ್ತು ಹಾಕಿ ಮಕ್ಕಳಿಗೆ ತೋರಿಸುತ್ತಿದ್ದೆ. ಆ ಮೂಲೆಮನೆಯಲ್ಲಿ ನನ್ನ ತಂಗಿ ಕೂತಿದ್ದಳು. ನಾನು ಪಕ್ಕದ ಮನೆಯಲ್ಲಿ ಆರಾಮಾಗಿದ್ದೆ.

ಎರಡು ಸಾವಿರದ ಏಳರ ದೀಪಾವಳಿ ಕಳೆದ ಮೇಲೆ ಅವಳ ಬಲಗಾಲಿನ ಹಿಮ್ಮಡಿಯ ಮೇಲೆ ಚಪ್ಪಲಿ ಪಟ್ಟಿ ಉಜ್ಜಿ ಗಾಯವಾಯಿತು. ಹುಣಸೆಬೀಜದಷ್ಟಿದ್ದದ್ದು ಸಂಕ್ರಾಂತಿಯ ಹೊತ್ತಿಗೆ ಅಂಗೈಯ ಅರ್ಧದಷ್ಟಾಯಿತು. ಏನು ಹಚ್ಚಿದರೂ ಮಾಯಲಿಲ್ಲ. ಅದೇ ದಿನಗಳಲ್ಲಿ ಪತ್ರಿಕೆಯಲ್ಲಿ ಒಂದು ಸುದ್ದಿ ಬಂದಿತ್ತು: ದೊಡ್ಡವರ ಚರ್ಮದ ಕೋಶಗಳನ್ನು ವಿಜ್ಞಾನಿಗಳು ಹಿಂದಕ್ಕೆ ತಿರುಗಿಸಿ, ಹುಟ್ಟುವುದಕ್ಕೂ ಮುಂಚಿನ ಸ್ಥಿತಿಗೆ ತಂದಿದ್ದಾರೆ ಎಂದು. ನಾನು ಅದನ್ನು ಕತ್ತರಿಸಿ ಅಂಕೋಲೆಗೆ ಒಯ್ದೆ. ಯಾಕೆ ಒಯ್ದೆನೋ. ಹೊಸ ಪಾಠ ಸಿಕ್ಕಿದರೆ ಯಾರಿಗಾದರೂ ಹೇಳದೆ ಇರಲಾರದ ಚಟ ನನ್ನದು.

ಶಶಿ ಕಾಲು ಚಾಚಿ ಕೂತಿದ್ದಳು. ನಾನು ಪಟ್ಟಿ ಬದಲಾಯಿಸುತ್ತ ವಿವರಿಸಿದೆ. ಅಪ್ಪ ಶಾಲಾ ಮಾಸ್ತರರಾಗಿದ್ದರೂ ಯಕ್ಷಗಾನದ ಭಾಗವತಿಕೆ ಮಾಡುತ್ತಿದ್ದರು; ನಾವಿಬ್ಬರೂ ಅವರ ಪ್ರಸಂಗದ ಪುಸ್ತಕಗಳ ನಡುವೆ ಬೆಳೆದವರು. ಹಾಗಾಗಿ ಅದನ್ನೇ ಹಿಡಿದೆ.

"ನೋಡು, ಪುಸ್ತಕ ಒಂದೇ. ಯಾವ ಪದ ಹಾಡೂದು, ಯಾವುದು ಬಿಡೂದು ಅಂತ ಅಪ್ಪ ಬದಿಗೆ ಪೆನ್ಸಿಲ್ಲಿಂದ ಗುರ್ತ ಮಾಡ್ತಿದ್ರಲ್ಲ? ನಮ್ಮ ಮೈಯ ಒಂದೊಂದು ಕೋಶದಲ್ಲೂ ಅದೇ ಪುಸ್ತಕ ಅದೆ. ಕಣ್ಣಿಗೊಂದು ಗುರ್ತ, ಚರ್ಮಕ್ಕೊಂದು ಗುರ್ತ. ವಯಸ್ಸಾದ ಹಾಗೆ ಗುರ್ತದ ಮೇಲೆ ಗುರ್ತ ಬಿದ್ದು ಗೊಂದಲ ಆಗ್ತದೆ. ಇವ್ರು ಆ ಪೆನ್ಸಿಲ್ ಅಳಿಸೂಕೆ ಕಲ್ತಿದ್ದಾರೆ."

"ಅಂದ್ರೆ ರಬ್ಬರ್ ಸಿಕ್ತು ಅನ್ನು" ಎಂದಳು ಶಶಿ. ಎಷ್ಟೋ ತಿಂಗಳ ಮೇಲೆ ಅವಳ ಮುಖ ಅರಳಿದ್ದನ್ನು ನೋಡಿದೆ.

ಅಲ್ಲಿಗೆ ನಿಲ್ಲಿಸಬಾರದಿತ್ತು. ಶಶಿಯ ತೊಂದರೆ ಪೆನ್ಸಿಲ್ ಗುರುತಿನದಲ್ಲ, ಅಚ್ಚಿನದು. ಅವಳ ಪುಸ್ತಕದಲ್ಲಿ ಒಂದು ಹಾಳೆಯೇ ಇರಲಿಲ್ಲ. ಏನು ಅಳಿಸಿದರೂ ಇಲ್ಲದ ಪದವನ್ನು ಹಾಡುವುದು ಹೇಗೆ? ಇದು ನಾಲಿಗೆಯ ತುದಿಗೆ ಬಂದಿತ್ತು. ಕ್ಲಾಸಿನಲ್ಲಿ ಕಷ್ಟದ ಭಾಗ ಬಂದಾಗ "ಇದು ನಿಮ್ಮ ಪೋರ್ಶನ್ನಿಗಿಲ್ಲ, ಬಿಡಿ" ಎಂದು ಪುಟ ಮಗುಚಿ ಇಪ್ಪತ್ತು ವರ್ಷ ಅಭ್ಯಾಸವಾಗಿತ್ತು. ಹಾಗೇ ಮಗುಚಿದೆ.

ಏಪ್ರಿಲ್ಲಿನಲ್ಲಿ ವಿನಾಯಕ ಊರಿಗೆ ಬಂದ. ಅಮದಳ್ಳಿಯ ಹುಡುಗ, ನನ್ನ ಹಳೇ ವಿದ್ಯಾರ್ಥಿ. ಪುಣೆಯ ಪ್ರಯೋಗಾಲಯವೊಂದರಲ್ಲಿ ಮುಪ್ಪಿನ ಮೇಲೆಯೇ ಸಂಶೋಧನೆ ಮಾಡುತ್ತಿದ್ದ. ನಾನು ಪತ್ರ ಬರೆದು ಬರೆದು ಅವನನ್ನು ಒಪ್ಪಿಸಿದ್ದೆ. ಅಂಕೋಲೆಯ ಡಾಕ್ಟರೊಬ್ಬರು ಶಶಿಯ ತೋಳಿನಿಂದ ತೊಗರಿಬೇಳೆಯಷ್ಟು ಚರ್ಮ ತೆಗೆದುಕೊಟ್ಟರು. ಗುಲಾಬಿ ಬಣ್ಣದ ನೀರಿದ್ದ ಸಣ್ಣ ಸೀಸೆಯಲ್ಲಿ ಅದನ್ನು ಹಾಕಿ, ಸೀಸೆಯನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ವಿನಾಯಕ ರೈಲು ಹತ್ತಿದ. ಪೆಟ್ಟಿಗೆ ನೋಡಿದ ಟಿಕೆಟ್ ತಪಾಸಣೆಯವನು ಒಳಗಿರುವ ಮೀನು ಇಸ್ವಣವೋ ಬಾಂಗಡೆಯೋ ಎಂದು ವಿಚಾರಿಸಿದನಂತೆ. ಶಶಿಗೆ ಈ ಕತೆ ಎಷ್ಟು ಸಲ ಹೇಳಿದರೂ ಸಾಕಾಗುತ್ತಿರಲಿಲ್ಲ.

ವಿನಾಯಕ ಹೊರಡುವ ಮೊದಲು ಒಂದು ಒಪ್ಪಿಗೆ ಪತ್ರಕ್ಕೆ ಅವಳ ಸಹಿ ಬೇಕಿತ್ತು. ಇಂಗ್ಲಿಷಿನಲ್ಲಿತ್ತು, ನಾನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತ ಹೋದೆ. ಆರನೆಯ ಸಾಲು, ಈ ಸಂಶೋಧನೆಯಿಂದ ರೋಗಿಗೆ ಯಾವ ಚಿಕಿತ್ಸೆಯೂ ದೊರೆಯುವುದಿಲ್ಲ ಎಂದಿತ್ತು. ಐದರಿಂದ ಏಳಕ್ಕೆ ಹೋದೆ. ವಿನಾಯಕ ನನ್ನ ಮುಖ ನೋಡಿದ. ಗುರುವಿಗೆ ಎದುರಾಡಲು ಅವನಿಗೆ ಬಾಯಿ ಬರಲಿಲ್ಲ, ಶಶಿ ಸಹಿ ಹಾಕಿದಳು.

ಮೇ ತಿಂಗಳೆಲ್ಲ ಅವಳಿಗೆ ಹಬ್ಬ. ಬಾಟಲಿಯ ತಳದಲ್ಲಿ ಹಾಸಿದ ಚರ್ಮದಿಂದ ಕೋಶಗಳು ಹೊರಗೆ ತೆವಳಿವೆ, ಒಡೆದು ಎರಡಾಗುತ್ತಿವೆ ಎಂದು ವಿನಾಯಕ ಫೋನು ಮಾಡಿದ್ದ. ಬಾಟಲಿ ತುಂಬಿದರೆ ಎರಡು ಬಾಟಲಿಗೆ ಹಂಚುತ್ತಾರೆ, ಅವು ತುಂಬಿದರೆ ನಾಲ್ಕು. ಶಶಿ ಅದನ್ನು ಹಾಸ್ಟೆಲಿಗೆ ಕಳಿಸಿದ ಮಗುವಿನ ಸುದ್ದಿಯಂತೆ ಕೇಳುತ್ತಿದ್ದಳು. "ಉಂಡು ಮಲಗಿ ಸಮಾ ಬೆಳೀತಾ ಅದೆ ಅನ್ನು. ಇಲ್ಲಿ ನನ್ನ ಜೊತೆ ಇದ್ದಿರೆ ಬರೀ ಗಂಜಿ, ಒಣ ಶೆಟ್ಲಿ ಮೀನಿನ ಚಟ್ನಿ." ಪಕ್ಕದ ಮನೆಯವರಿಗೆ, ಹಾಲಿನವನಿಗೆ ಎಲ್ಲರಿಗೂ ಹೇಳಿದ್ದಳು, ತನ್ನ ಚರ್ಮ ಪುಣೆಯಲ್ಲಿದೆ, ಎಳೆಯದಾಗಿ ವಾಪಸ್ಸು ಬರುತ್ತದೆ, ಮೊದಲು ಹಿಮ್ಮಡಿಗೆ ಹಚ್ಚುತ್ತಾರೆ ಎಂದು. ಅವಳಿಗೆ ಹೀಗೆ ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ನಾನು ಅಲ್ಲವೆಂದೂ ಹೇಳಿರಲಿಲ್ಲ.

ಜೂನಿನ ಕೊನೆಯಲ್ಲಿ, ಮಳೆ ಕಿವಿ ಕಿತ್ತುಹೋಗುವಂತೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿದ್ದಾಗ ವಿನಾಯಕನ ಫೋನು ಬಂತು. "ಮೇಡಂ, ನಿಂತು ಹೋದ್ವು" ಎಂದ. ಬೇರೆಯವರ ಕೋಶಗಳಾದರೆ ನಲವತ್ತು ಐವತ್ತು ಸಲ ಒಡೆಯುತ್ತವೆ. ಶಶಿಯವು ಹತ್ತನ್ನೂ ದಾಟಲಿಲ್ಲ. ಸತ್ತಿಲ್ಲ, ಸುಮ್ಮನೆ ಚಪ್ಪಟೆಯಾಗಿ ಬಾಟಲಿಯ ತಳಕ್ಕೆ ಅಂಟಿ ಬಿದ್ದಿವೆ, ಆಹಾರ ಕೊಟ್ಟರೂ ಅಲ್ಲಾಡುವುದಿಲ್ಲ ಎಂದ. "ಇನ್ನೊಮ್ಮೆ ನೋಡು" ಎಂದೆ. "ನೋಡಿದೆ ಮೇಡಂ. ಮೂರ್ ಸಲ ನೋಡಿದೆ."

ಮುಂದಿನ ಭಾನುವಾರ ಅಂಕೋಲೆಗೆ ಹೋದಾಗ ಹೇಳಬೇಕೆಂದೇ ಹೋದೆ. ಹೆದ್ದಾರಿಯಲ್ಲಿ ಅದಿರು ಲಾರಿಗಳು ಸಾಲುಗಟ್ಟಿ ನಿಂತು, ರಸ್ತೆಯೆಲ್ಲ ಕೆಂಪು ರಾಡಿ. ಮುಕ್ಕಾಲು ಗಂಟೆಯ ದಾರಿಗೆ ಎರಡೂವರೆ ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಮಾತು ಜೋಡಿಸಿಕೊಂಡಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಶಶಿ ಕೇಳಿದಳು.

"ಎಷ್ಟು ಬಾಟಲಿ ಆತು ಅಕ್ಕ?"

"ಎಂಟು."

ಯಾಕೆ ಎಂಟು ಎಂದೆ ಎಂದು ಇವತ್ತಿಗೂ ಗೊತ್ತಿಲ್ಲ. ಮುಂದಿನ ವಾರ ಹನ್ನೆರಡು ಎಂದೆ. ನಪಾಸಾಗುವ ಹುಡುಗನಿಗೆ ಅಂಕ ಸೇರಿಸಿದ ಹಾಗೆ ವಾರವಾರ ಸೇರಿಸುತ್ತ ಹೋದೆ. ವಿನಾಯಕ ಇನ್ನೊಮ್ಮೆ ಪ್ರಯತ್ನಿಸಬಹುದು, ಏನಾದರೂ ದಾರಿ ಸಿಗಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಅವಳ ಮುಖ ಅರಳಿದ್ದು ನನ್ನಿಂದ, ಅದು ನನ್ನ ಎದುರೇ ಬಾಡುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಜುಲೈ ಎರಡನೇ ವಾರ ಗಣಪತಿ ಅವಳನ್ನು ಕಾರವಾರಕ್ಕೆ ಕರೆತಂದ. ಶಸ್ತ್ರಚಿಕಿತ್ಸೆಯ ಡಾಕ್ಟರು ಗಾಯ ನೋಡಿ, ಕ್ಷಕಿರಣದ ಚಿತ್ರ ನೋಡಿ, ಹಿಮ್ಮಡಿಯ ಎಲುಬಿಗೂ ಕೀವು ಇಳಿದಿದೆ, ಕಾಲು ತೆಗೆಯಬೇಕು ಎಂದರು. "ಈಗಾದರೆ ಮೊಣಕಾಲು ಉಳಿಯುತ್ತದೆ. ಮೊಣಕಾಲು ಉಳಿದರೆ ಕೃತಕ ಕಾಲು ಹಾಕಿಕೊಂಡು ನಡೆಯಬಹುದು. ತಡ ಮಾಡಿದರೆ ನಾನು ಮಾತು ಕೊಡಲಾರೆ." ಶಶಿ ಎಲ್ಲ ಕೇಳಿಸಿಕೊಂಡು, "ದೀಪಾವಳಿವರೆಗೆ ಕಾಯ್ತೆ ಡಾಕ್ಟ್ರೇ, ನನ್ನ ಚರ್ಮ ಬರೂದದೆ" ಎಂದಳು. ಡಾಕ್ಟರು ನನ್ನ ಕಡೆ ನೋಡಿದರು. ನಾನು ನನ್ನ ಕೊಡೆಯ ಕಡೆ ನೋಡಿದೆ.

ಹೊರಗೆ ಬಂದ ಮೇಲೆ ಬೇಡಿಕೊಂಡೆ. "ಶಶಿ, ಮೊದ್ಲು ಇದನ್ನ ಮುಗಿಸ್ಕೊ. ಚರ್ಮದ ವಿಷಯ ಆಮೇಲೆ ನೋಡ್ವ."

"ಕಾಲೇ ಇಲ್ದಿದ್ರೆ ಆ ಚರ್ಮ ಎಲ್ಲಿ ಹಚ್ಚೂದು? ಎಂತ ಮಾತಾಡ್ತೆ ನೀ?"

ಗಣಪತಿ ನನ್ನನ್ನು ಬದಿಗೆ ಕರೆದ. ಖಾಕಿ ಅಂಗಿಯ ಮೇಲೆ ಮಳೆ ಬೀಳುತ್ತಿದ್ದರೂ ಅವನಿಗೆ ಪರಿವೆಯಿರಲಿಲ್ಲ. "ಅಕ್ಕ, ನೀವು ಹೇಳಿರೆ ಕೇಳ್ತಾಳೆ. ನನ್ನ ಮಾತು ಲೆಕ್ಕಕ್ಕಿಲ್ಲ. ಕಾಲಿಲ್ದೇ ಹೋದ್ರೂ ಸೈ, ನಾ ಹೊತ್ಕಂಡು ತಿರುಗ್ತೆ. ಅವಳೇ ಇಲ್ದಂಗೆ ಆದ್ರೆ ಎಂತಾ ಮಾಡೂದು?" ಅವನಿಗೂ ನಾನು ಹೇಳಲಿಲ್ಲ. ಹೇಳುತ್ತೇನೆ, ಹೇಳುತ್ತೇನೆ ಎಂದೆ, ಏನನ್ನು ಎಂದು ಹೇಳಲಿಲ್ಲ.

ಆಮೇಲಿನ ಐದು ಭಾನುವಾರಗಳ ಬಗ್ಗೆ ಬರೆಯಲು ಕೈ ಏಳುವುದಿಲ್ಲ. ಪಟ್ಟಿ ಬಿಚ್ಚಿದರೆ ಅಯೋಡಿನ್ನಿನ ವಾಸನೆಯನ್ನೂ ಮೀರಿ ಇನ್ನೊಂದು ವಾಸನೆ ಏಳುತ್ತಿತ್ತು. ಕಿಟಕಿ ತೆಗೆದರೆ ಮಳೆಯ ಇರಚಲು, ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ಕಾಲಿನ ಬೆರಳುಗಳು ಒಂದೊಂದಾಗಿ ಕಪ್ಪಾದವು. ಶಶಿ ತಾನೇ ಗಾಯಕ್ಕೆ ಔಷಧದ ಪುಡಿ ಉದುರಿಸಿಕೊಳ್ಳುತ್ತ, "ಇದು ಹಳೇ ಅಂಗಿ, ಹರಿದ್ರೆ ಹರೀಲಿ ಬಿಡು" ಎನ್ನುತ್ತಿದ್ದಳು. ನಾನು ಹಿತ್ತಲಿಗೆ ಹೋಗಿ ಕೈ ತೊಳೆಯುವ ನೆಪದಲ್ಲಿ ಅತ್ತು ಬರುತ್ತಿದ್ದೆ. ಬಂದು, ಹದಿನಾರು ಬಾಟಲಿ ಎನ್ನುತ್ತಿದ್ದೆ.

ಆಗಸ್ಟಿನ ಮೂರನೇ ಭಾನುವಾರ ಹೋದಾಗ ಅವಳಿಗೆ ಚಳಿಜ್ವರ. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು. ಗಾಯದ ಕೆಂಪು ಏರಿ ಮೊಣಕಾಲಿನ ಹತ್ತಿರ ಬಂದಿತ್ತು. ಗಣಪತಿ ಗೋಡೆಗೆ ಒರಗಿ ಕೂತಿದ್ದ, ಕೆಲಸಕ್ಕೆ ರಜೆ ಹಾಕಿದ್ದ. ಶಶಿ ಕಣ್ಣು ಬಿಟ್ಟು ಎಂದಿನ ಪ್ರಶ್ನೆಯನ್ನೇ ಕೇಳಿದಳು.

"ಒಂದೂ ಇಲ್ಲ ಶಶಿ" ಎಂದೆ. "ನಿಂತು ಹೋಗದೆ. ಹತ್ತು ಸಲನೂ ಒಡೀಲಿಲ್ಲ."

ಬಾಯಿ ಬಿಟ್ಟ ಮೇಲೆ ಎಲ್ಲವೂ ಬಂತು. ಹಾಳೆಯೇ ಇಲ್ಲದ ಪುಸ್ತಕ, ಓದದೆ ಬಿಟ್ಟ ಆರನೇ ಸಾಲು, ಎಂಟು, ಹನ್ನೆರಡು, ಹದಿನಾರು. ಗಣಪತಿ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದ. ಶಶಿ ಅಳಲಿಲ್ಲ, ಬಯ್ಯಲಿಲ್ಲ. ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡು ಕೇಳಿದಳು.

"ನಿಂಗೆ ಯಾವಾಗ ಗೊತ್ತಾತು?"

"ಜೂನ್ ಕಡೇ ವಾರ."

ಅವಳು ಹೆಬ್ಬೆರಳಿನಿಂದ ಬೆರಳಿನ ಗೆಣ್ಣು ಎಣಿಸಿದಳು. "ಎಂಟು ವಾರ ಆಗೂಕೆ ಬಂತು" ಎಂದಳು. ಆಮೇಲೆ ಆ ಕೀರಲು ಧ್ವನಿಯಲ್ಲಿ, ಸಮಾಧಾನದಿಂದಲೇ, "ನನ್ನ ಎಂಟು ವಾರ ಅಂದ್ರೆ ನಿನ್ನ ಎಷ್ಟು ವರ್ಷ ಅಕ್ಕ? ಲೆಕ್ಕ ಹಾಕಿ ಹೇಳು. ನೀ ಕಲ್ತವಳು" ಎಂದಳು.

ಅವಳು ಗಂಡನ ಕಡೆ ತಿರುಗಿ, "ಕೇಳಿದ್ರಾ? ಗಾಡಿ ಕರೀರಿ" ಎಂದಳು.

ಮರುದಿನ ಕಾರವಾರದಲ್ಲಿ ಕಾಲು ತೆಗೆದರು. ಮೊಣಕಾಲು ಉಳಿಯಲಿಲ್ಲ, ತೊಡೆಯ ಅರ್ಧಕ್ಕೆ ಹೋಗಬೇಕಾಯಿತು. ಡಾಕ್ಟರು ನನ್ನನ್ನು ಬಯ್ದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. "ಜುಲೈಯಲ್ಲಿ ಮಾಡಿದ್ದರೆ ಇಷ್ಟು ಬೇಡವಾಗಿತ್ತು" ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು. ಅವಳು ಮತ್ತೆ ನಡೆಯಲಿಲ್ಲ. ಚೌತಿಗೆ ಮಂಚದ ಮೇಲೆ ಕೂತು ಮೋದಕ ಕಟ್ಟಿದಳು. ನನ್ನ ಜೊತೆ ಮಾತು ಬಿಡಲಿಲ್ಲ; ಮೀನಿನ ರೇಟು, ಧಾರಾವಾಹಿ, ಗಣಪತಿಯ ಡ್ಯೂಟಿ ಎಲ್ಲ ಮಾತಾಡಿದಳು. ಪುಣೆಯ ಹೆಸರು ಮಾತ್ರ ಎತ್ತಲಿಲ್ಲ. ಅದು ಕ್ಷಮೆಯಲ್ಲವೆಂದು ನನಗೆ ಗೊತ್ತಿತ್ತು, ಇಬ್ಬರಿಗೂ ಗೊತ್ತಿತ್ತು. ಜನವರಿಯಲ್ಲಿ ನಲವತ್ತು ತುಂಬಿದ ದಿನ, "ನಿಂಗಿಂತ ನಾನೇ ದೊಡ್ಡವಳಾದೆ, ಇನ್ನು ನೀ ನನ್ನ ಮಾತು ಕೇಳ್ಬೇಕು" ಎಂದು ತಮಾಷೆ ಮಾಡಿದಳು. ಫೆಬ್ರವರಿಯಲ್ಲಿ ಹೃದಯ ನಿಂತಿತು.

ವರ್ಷಗಳು ಕಳೆದವು. ವಿನಾಯಕ ದೊಡ್ಡ ವಿಜ್ಞಾನಿಯಾದ. ನಾನು ನಿವೃತ್ತಳಾಗುವ ಮುಂಚಿನ ವರ್ಷ ಒಂದು ಬೆಳಿಗ್ಗೆ ಅವನ ಫೋನು ಬಂತು. ಶಶಿಯ ಕೋಶಗಳು ಇನ್ನೂ ಒಡೆಯುತ್ತಿದ್ದ ಮೊದಲ ದಿನಗಳಲ್ಲಿ ಒಂದಿಷ್ಟನ್ನು ತೆಗೆದು ಗಟ್ಟಿ ಚಳಿಯಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದನಂತೆ. ನನಗೆ ಅದು ಗೊತ್ತೇ ಇರಲಿಲ್ಲ. ಈಗ ಅವನ್ನು ಹೊರತೆಗೆದು ಹಿಂದಕ್ಕೆ ತಿರುಗಿಸಿದ್ದಾರೆ, ಎಲ್ಲ ಗುರುತೂ ಅಳಿಸಿದೆ. "ದೋಷ ಹಾಗೇ ಇದೆ ಮೇಡಂ, ಆದರೂ ಒಡೀತಾ ಇವೆ. ತಿಂಗಳುಗಟ್ಟಲೆ ಆಯ್ತು, ನಿಲ್ತಾನೇ ಇಲ್ಲ." ಅವನ ಧ್ವನಿ ಸಂತೋಷದಿಂದ ನಡುಗುತ್ತಿತ್ತು. ನಾನು "ಒಳ್ಳೇದಾಯ್ತು ಮಗಾ" ಎಂದೆ. ಫೋನಿಟ್ಟು ಕಾಲೇಜಿಗೆ ರಜೆ ಹೇಳಿ, ಮುಂದಿನ ಬಸ್ಸಿಗೇ ಅಂಕೋಲೆಗೆ ಹೊರಟೆ. ಈ ಸಲ ಒಂದು ದಿನವೂ ತಡ ಮಾಡುವವಳಿರಲಿಲ್ಲ.

ಗಣಪತಿ ಜಗುಲಿಯಲ್ಲಿ ಬಟ್ಟೆ ಮಡಚುತ್ತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ, ಏನನ್ನೂ ಬಿಡಲಿಲ್ಲ. ಅವನು ಮಡಚುವುದನ್ನು ನಿಲ್ಲಿಸಿ ಕೇಳಿಸಿಕೊಂಡ.

"ಅವು ನಮ್ಮ ಶಶಿದೇ ಹೌದಾ?"

"ಶಶಿದೇ."

"ಈಗ ಎಷ್ಟು ವಯಸ್ಸು ಅವಕ್ಕೆ?"

"ವಯಸ್ಸೇ ಇಲ್ಲ ಗಣಪತಿ. ಹುಟ್ಟೂಕಿಂತ ಮುಂಚಿನ ಹಾಗೆ."

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟ. "ಹಂಗಾರೆ ಅವಕ್ಕೆ ನನ್ನ ಗುರ್ತ ಇರೂದಿಲ್ಲ ಅಕ್ಕ" ಎಂದ.